ಪ್ರತಿಕ್ರಿಯೆ: ಲೇಖನಗಳ ಎಣಿಕೆಗಿಂತ ಮೊದಲು ಕಾಗುಣಿತ
ಫ್ರೆಂಚಿನಿಂದ ಬೆಳೆದ ಮಾರಿಷಸ್‌ನ ಕ್ರಿಯೋಲ್ ಭಾಷೆಯಲ್ಲಿ ವಿಕಿಪೀಡಿಯ ಆರಂಭಿಸಲು ಎಷ್ಟು ಲೇಖನಗಳು ಬೇಕು ಎಂದು ತಾವು ಕೇಳಿದ್ದೀರಿ. ಎಣಿಕೆಗಿಂತ ಬರೆಯುವವರ ನಿರಂತರತೆಯೇ ಮುಖ್ಯ: ಹೊಸ ಭಾಷೆಗಳ ಪ್ರಯೋಗತಾಣವಾದ ಇನ್‌ಕ್ಯುಬೇಟರ್‌ನಲ್ಲಿ ಕೆಲವರಾದರೂ ತಿಂಗಳುಗಟ್ಟಲೆ ಬಿಡದೆ ಬರೆಯುತ್ತಿರಬೇಕು, ಜೊತೆಗೆ ‘ಹುಡುಕು’, ‘ಉಳಿಸು’ ಮುಂತಾದ ತಾಣದ ಪದಗಳೂ ಆ ಭಾಷೆಗೆ ಬಂದಿರಬೇಕು.

ಅದಕ್ಕೂ ಮೊದಲು ಕಾಗುಣಿತವನ್ನು ಗಟ್ಟಿಮಾಡಿಕೊಳ್ಳಿ. ನೀರಿಗೆ ಅಲ್ಲಿ ‘ದಿಲೋ’ ಎನ್ನುತ್ತಾರೆ. ಫ್ರೆಂಚಿನ ಬಿಡಿ ತುಂಡುಗಳು ಬೆಸೆದು ಒಂದೇ ಪದವಾಗಿರುವುದರಿಂದ, ಅದನ್ನು ಮತ್ತೆ ಫ್ರೆಂಚ್ ರೀತಿಯಲ್ಲಿ ಬಿಡಿಸಿ ಬರೆದರೆ ಜನ ಆಡುವ ಮಾತೇ ಮರೆಯಾಗುತ್ತದೆ. ಸಂತೋಷದ ಸಂಗತಿಯೆಂದರೆ, 2009ರಲ್ಲೇ ಅರ್ನೋ ಕಾರ್ಪೂರನ್ ಅವರ ಏಕಭಾಷಾ ನಿಘಂಟು ಬಂದಿತ್ತು, 2011ರಲ್ಲಿ ಅಧಿಕೃತ ಕಾಗುಣಿತ ಸಿದ್ಧವಾಯಿತು, 2012ರಿಂದ ಪ್ರಾಥಮಿಕ ಶಾಲೆಗಳಲ್ಲಿ ಕ್ರಿಯೋಲ್ ಐಚ್ಛಿಕ ವಿಷಯವಾಗಿದೆ. ಆ ಕಾಗುಣಿತವನ್ನೇ ಅನುಸರಿಸುವಂತೆ ಮುಖಪುಟದಲ್ಲಿಯೇ ಬರೆದುಬಿಡಿ.

ತಡವಾದರೆ ಎದೆಗುಂದಬೇಡಿ, ನಮ್ಮ ತುಳು ವಿಕಿಪೀಡಿಯ ವರ್ಷಗಟ್ಟಲೆ ಇನ್‌ಕ್ಯುಬೇಟರ್‌ನಲ್ಲಿದ್ದು 2016ರಲ್ಲಿ ಹೊರಬಂದಿತು. ಡೋಡೋ ಹಕ್ಕಿ, ಸೆಗಾ ಸಂಗೀತ, ಪೋರ್ಟ್ ಲೂಯಿಯಂತಹ ಊರವರೇ ತಿದ್ದಬಲ್ಲ ವಿಷಯಗಳಿಂದ ತೊಡಗಿ, ಫ್ರೆಂಚ್ ಲೇಖನಗಳ ಯಂತ್ರಾನುವಾದವನ್ನು ಮಾತ್ರ ದಯವಿಟ್ಟು ಒಳಗೆ ಬಿಟ್ಟುಕೊಳ್ಳಬೇಡಿ.