ಮ್ಯುಟೇಶನ್ ಇಲ್ಲ ಅಂದರೆ ಒಳ್ಳೆಯದೇ ಅಲ್ವಾ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಮಾಮೂಲಿ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ ಜಾಸ್ತಿ ಬಂತು, ಆಮೇಲೆ ಸಿಎಲ್ಎಲ್ (ಒಂದು ಬಗೆಯ ರಕ್ತದ ಕ್ಯಾನ್ಸರ್) ಅಂದರು. ಈಗ ಇನ್ನೊಂದು ರಿಪೋರ್ಟ್ ಬಂದಿದೆ: ‘ಐಜಿಎಚ್‌ವಿ 1-69, ಅನ್‌ಮ್ಯುಟೇಟೆಡ್, 100%’. ಮ್ಯುಟೇಶನ್ ಇಲ್ಲ ಅಂದರೆ ಒಳ್ಳೆಯದೇ ಅಲ್ವಾ? ಡಾಕ್ಟರು ಸದ್ಯಕ್ಕೆ ಔಷಧಿಯೇ ಬೇಡ ಅಂದಿದ್ದಾರೆ. ಜೀನ್ ವಿಷಯ ಅಂದಮೇಲೆ ಇದು ನಮಗೂ ಬರುತ್ತದಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ಇಲ್ಲಿ ಲೆಕ್ಕ ಉಲ್ಟಾ. ಸಿಎಲ್ಎಲ್‌ನಲ್ಲಿ ಈ ಮ್ಯುಟೇಶನ್ ಇದ್ದವರಿಗೇ ಕಾಯಿಲೆ ನಿಧಾನ.

ಬಿ ಕಣ ಎಂಬ ಬಿಳಿ ರಕ್ತಕಣದ ಕೆಲಸ ರೋಗಾಣುವನ್ನು ಹಿಡಿಯುವ ಆಂಟಿಬಾಡಿ ಮಾಡುವುದು. ಅದಕ್ಕೆ 14ನೇ ಕ್ರೋಮೋಸೋಮ್‌ನಲ್ಲಿ ಸಾಲಾಗಿರುವ ನಲವತ್ತಕ್ಕೂ ಹೆಚ್ಚು ವಿ ಜೀನ್‌ಗಳಲ್ಲಿ (ರಿಪೋರ್ಟಿನ ಐಜಿಎಚ್‌ವಿ ಅಂದರೆ ಇವೇ) ಒಂದನ್ನು ಆರಿಸಿ, ಬೇರೆ ಎರಡು ತುಂಡುಗಳ ಜೊತೆ ಜೋಡಿಸಿಕೊಳ್ಳುತ್ತದೆ. ರೋಗಾಣು ಎದುರಾದರೆ ಲಿಂಫ್ ಗಂಟಿನೊಳಗೆ ಆ ಜೀನನ್ನು ಅಲ್ಲಲ್ಲಿ ತಾನೇ ತಿದ್ದಿಕೊಳ್ಳುತ್ತದೆ. ಆ ತಿದ್ದುಪಡಿಯೇ ನಿಮ್ಮ ರಿಪೋರ್ಟ್ ಹೇಳುವ ಮ್ಯುಟೇಶನ್. ಸಿಎಲ್ಎಲ್ ಶುರುವಾಗುವುದು ಇಂಥ ಒಂದೇ ಬಿ ಕಣದಿಂದ, ಹಾಗಾಗಿ ಕಾಯಿಲೆಯ ಅಷ್ಟೂ ಕಣಗಳಲ್ಲಿ ಅದೇ ವಿ ಜೀನ್ ಇರುತ್ತದೆ. ಲ್ಯಾಬ್‌ನವರು ಅದನ್ನು ಮೂಲ ಜೀನ್ ಜೊತೆ ಹೋಲಿಸುತ್ತಾರೆ. 98% ಅಥವಾ ಹೆಚ್ಚು ಹೊಂದಿಕೆಯಾದರೆ ಅನ್‌ಮ್ಯುಟೇಟೆಡ್. 1999ರಲ್ಲಿ ಇಂಗ್ಲೆಂಡಿನ ಒಂದು ತಂಡ, ನ್ಯೂಯಾರ್ಕಿನ ಇನ್ನೊಂದು ತಂಡ ಬೇರೆ ಬೇರೆಯಾಗಿ ಕೆಲಸ ಮಾಡಿ ಒಂದೇ ಉತ್ತರಕ್ಕೆ ಬಂದವು: ಈ ಗುಂಪಿನಲ್ಲಿ ಕಾಯಿಲೆಗೆ ವೇಗ ಜಾಸ್ತಿ.

ಯಾವ ವಿ ಜೀನ್ ಅನ್ನುವುದೂ ಸುಮ್ನೆ ಬರೆದಿದ್ದಲ್ಲ. 1-69 ಎಂಬ ವಿ ಜೀನ್ ಆರೋಗ್ಯವಂತರ ಬಿ ಕಣಗಳಿಗಿಂತ ಸಿಎಲ್ಎಲ್‌ನಲ್ಲಿ ಜಾಸ್ತಿ ಕಾಣುತ್ತದೆ, ಬಹುಪಾಲು ತಿದ್ದುಪಡಿ ಇಲ್ಲದೆಯೇ. 4-34 ಸಾಮಾನ್ಯವಾಗಿ ತಿದ್ದುಪಡಿ ಆಗಿರುತ್ತದೆ. ಇನ್ನು 3-21 ಒಂದು ನಿರ್ದಿಷ್ಟ ಲೈಟ್ ಚೈನ್ (ಆಂಟಿಬಾಡಿಯ ಇನ್ನೊಂದು ಭಾಗ) ಜೊತೆ ಸೇರಿದರೆ ಮ್ಯುಟೇಶನ್ ಇದ್ದರೂ ಕಾಯಿಲೆ ಜೋರಾಗಿರುತ್ತದೆ. ನನಗೆ ಈಗಲೂ ಆಶ್ಚರ್ಯ ಅನಿಸುವುದು ಇದು: ಒಬ್ಬರಿಗೊಬ್ಬರು ಯಾವ ಸಂಬಂಧವೂ ಇಲ್ಲದ, ಬೇರೆ ಬೇರೆ ದೇಶದ ಹಲವು ರೋಗಿಗಳ ಕಣಗಳಲ್ಲಿ ಹೆಚ್ಚುಕಡಿಮೆ ಒಂದೇ ಆಂಟಿಬಾಡಿ ಸಿಗುತ್ತದೆ. ಆಕಸ್ಮಿಕವಾಗಿ ಹಾಗೆ ಆಗಲು ಸಾಧ್ಯವೇ ಇಲ್ಲ. ಅವರಲ್ಲಿ ಒಂದೇ ತರಹದ ವಸ್ತು ಆ ಕಣಗಳನ್ನು ಕೆಣಕುತ್ತಿರಬಹುದು.

ಆದರೆ ಡಾಕ್ಟರು ಹೇಳಿದ್ದು ಸರಿ. ಈ ರಿಪೋರ್ಟ್ ನೋಡಿ ಯಾರೂ ಔಷಧಿ ಶುರು ಮಾಡುವುದಿಲ್ಲ. ಹಿಮೋಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ಕುಸಿದರೆ, ಗಂಟು ಅಥವಾ ಗುಲ್ಮ ತುಂಬಾ ದೊಡ್ಡದಾದರೆ, ಕಾರಣವಿಲ್ಲದೆ ತೂಕ ಇಳಿದರೆ, ರಾತ್ರಿ ಮೈಯೆಲ್ಲ ಬೆವೆತರೆ ಆಗ ಶುರು. ರಿಪೋರ್ಟ್ ಕೆಲಸಕ್ಕೆ ಬರುವುದು ಯಾವ ಔಷಧಿ ಅಂತ ಆರಿಸುವಾಗ. ಎಫ್‌ಸಿಆರ್ ಎಂಬ ಹಳೆಯ ಕೀಮೋ ತಿದ್ದುಪಡಿ ಇದ್ದವರಲ್ಲಿ ಹಲವರಿಗೆ ಹತ್ತು ವರ್ಷ ದಾಟಿಯೂ ಕಾಯಿಲೆಯನ್ನು ದೂರ ಇಟ್ಟಿದೆ, ಇಲ್ಲದವರಲ್ಲಿ ಹಾಗಾಗಿದ್ದು ಕಡಿಮೆ. ನಿಮ್ಮ ತಂದೆಯವರಿಗೆ ಮುಂದೆ ಯಾರಾದರೂ ಎಫ್‌ಸಿಆರ್ ಅಂದರೆ ಈ ಕಾಗದ ತೋರಿಸಿ ಯಾಕೆ ಅಂತ ಕೇಳಿ. ಇಬ್ರುಟಿನಿಬ್, ಅಕಲಾಬ್ರುಟಿನಿಬ್ ಮಾತ್ರೆಗಳು ಆ ಆಂಟಿಬಾಡಿಯಿಂದ ಕಣಕ್ಕೆ ಹೋಗುವ ‘ಬೆಳೆ’ ಅನ್ನುವ ಸಂದೇಶವನ್ನೇ ತಡೆಯುತ್ತವೆ, ಹಾಗಾಗಿ ಎರಡೂ ಗುಂಪಿಗೂ ಚೆನ್ನಾಗಿ ಕೆಲಸ ಮಾಡುತ್ತವೆ.

ಈ ಪರೀಕ್ಷೆ ಒಮ್ಮೆ ಮಾಡಿಸಿದರೆ ಸಾಕು, ಫಲಿತಾಂಶ ಬದಲಾಗುವುದಿಲ್ಲ. ಟಿಪಿ53 ಎಂಬ ಜೀನ್ ಮತ್ತು ಅದು ಇರುವ 17ಪಿ ಎಂಬ ಕ್ರೋಮೋಸೋಮ್ ಭಾಗದ ಪರೀಕ್ಷೆಯ ಫಲಿತಾಂಶ ಮಾತ್ರ ಬದಲಾಗಬಹುದು, ಅದನ್ನು ಚಿಕಿತ್ಸೆಗೆ ಮೊದಲು ಮತ್ತೆ ನೋಡಿಸಿ.

ನಿಮ್ಮ ಕೊನೆಯ ಪ್ರಶ್ನೆಗೆ: ಈ ಜೋಡಣೆ ತಂದೆಯವರ ಆ ಒಂದು ಕಣದಲ್ಲಿ ಆಗಿದ್ದು, ಮಕ್ಕಳಿಗೆ ಬರುವಂಥದ್ದಲ್ಲ. ಸಿಎಲ್ಎಲ್ ಇರುವವರ ಮಕ್ಕಳಿಗೆ ಅಪಾಯ ಬೇರೆಯವರಿಗಿಂತ ಜಾಸ್ತಿ ಅನ್ನುವುದು ನಿಜ, ಆದರೂ ಬಹುತೇಕ ಮಕ್ಕಳಿಗೆ ಅದು ಬರುವುದೇ ಇಲ್ಲ. ಆರೋಗ್ಯವಾಗಿರುವ ನೀವು ಇದಕ್ಕಾಗಿ ಯಾವ ಪರೀಕ್ಷೆಯನ್ನೂ ಮಾಡಿಸಬೇಕಿಲ್ಲ.