ಮೂರು ವರ್ಷದ ಹಿಂದಿನ ಮಾತ್ರೆ ಈಗ ಅಡ್ಡಿಯೇ?

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ನಿಮಗೀಗ 29 ವರ್ಷ. ಮೂರು ವರ್ಷದ ಹಿಂದೆ, ಏಳನೇ ವಾರದಲ್ಲಿ, ವೈದ್ಯರು ಕೊಟ್ಟ ಮಾತ್ರೆಯಿಂದ ಗರ್ಭಪಾತ ಮಾಡಿಸಿಕೊಂಡಿರಿ. ಜ್ವರ, ಸೋಂಕು ಏನೂ ಆಗಲಿಲ್ಲ. ಮುಟ್ಟು ಸರಿಯಾಗಿ ಬರುತ್ತಿದೆ. ಈಗ ಮಗು ಬೇಕೆಂದು ಎಂಟು ತಿಂಗಳಿಂದ ಕಾಯುತ್ತಿದ್ದೀರಿ, ಇನ್ನೂ ಆಗಿಲ್ಲ. ಪರಿಚಯದವರೊಬ್ಬರು, 'ಆ ಮಾತ್ರೆ ತಗೊಂಡ್ರೆ ಗರ್ಭಕೋಶ ಒಣಗಿಹೋಗುತ್ತೆ' ಅಂದರಂತೆ. 'ಕೈಯಾರೆ ನಾನೇ ಕೆಡಿಸಿಕೊಂಡೆನಾ?' ಎಂದು ಕೇಳಿದ್ದೀರಿ. ಹೊಸ ವೈದ್ಯರಿಗೆ ಈ ವಿಷಯ ಹೇಳಬೇಕಾ ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ.

ಇಲ್ಲ, ನೀವೇನೂ ಕೆಡಿಸಿಕೊಂಡಿಲ್ಲ. ಗರ್ಭಕೋಶ ಹಾಗೆಲ್ಲ ಒಣಗುವುದಿಲ್ಲ. ಯಾರೋ ಸುಮ್ನೆ ಆಡಿದ ಒಂದು ಮಾತು ನಿಮ್ಮನ್ನು ಇಷ್ಟು ದಿನ ಸುಟ್ಟಿದೆಯಲ್ಲ, ಅದೇ ನನಗೆ ಬೇಸರ.

ಆ ಮಾತ್ರೆಗಳು ಏನು ಮಾಡುತ್ತವೆ ನೋಡಿ. ಗರ್ಭ ನಿಲ್ಲಲು ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಬೇಕು. ಮೊದಲು ನುಂಗುವ ಮಿಫೆಪ್ರಿಸ್ಟೋನ್ ಅದರ ಕೆಲಸವನ್ನು ತಡೆಯುತ್ತದೆ. ಒಂದೆರಡು ದಿನ ಬಿಟ್ಟು ತೆಗೆದುಕೊಳ್ಳುವ ಮಿಸೊಪ್ರೊಸ್ಟಾಲ್‌ನಿಂದ ಗರ್ಭಕೋಶ ಹಿಂಡಿಕೊಂಡು ಒಳಗಿರುವುದನ್ನು ಹೊರಗೆ ಹಾಕುತ್ತದೆ. ಎರಡೂ ಔಷಧಿ ಕೆಲವೇ ದಿನಗಳಲ್ಲಿ ಮೈಯಿಂದ ಹೋಗಿಬಿಡುತ್ತವೆ. ಅಂಡಾಶಯದಲ್ಲಿರುವ ಅಂಡಾಣುಗಳಿಗೆ ಏನೂ ಮಾಡುವುದಿಲ್ಲ. ಗರ್ಭಕೋಶದ ಒಳಪದರವೋ, ಪ್ರತಿ ಮುಟ್ಟಿನಲ್ಲೂ ಕಳಚಿ ಹೊಸದಾಗಿ ಬೆಳೆಯುವಂಥದ್ದು.

ಗರ್ಭಪಾತವಾದ ಮೂರ್ನಾಲ್ಕು ವಾರದೊಳಗೆ ಹೆಚ್ಚಿನವರಲ್ಲಿ ಮತ್ತೆ ಅಂಡಾಣು ಬಿಡುಗಡೆಯಾಗುತ್ತದೆ. ಕೆಲವರಲ್ಲಿ ಎಂಟು ಹತ್ತು ದಿನಕ್ಕೇ ಆಗುವುದೂ ಉಂಟು. ಅಂದರೆ ಮುಂದಿನ ಮುಟ್ಟಿಗೂ ಮೊದಲೇ ಇನ್ನೊಮ್ಮೆ ಗರ್ಭ ನಿಲ್ಲಬಹುದು. ಗರ್ಭನಿರೋಧಕವನ್ನು ತಕ್ಷಣ ಶುರು ಮಾಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಬಂಜೆತನ ತರುವ ಮಾತ್ರೆಯಾಗಿದ್ದರೆ ಈ ಎಚ್ಚರಿಕೆ ಯಾಕೆ ಬೇಕಿತ್ತು?

ಮುಂದಿನ ಬಸಿರಿನ ಬಗ್ಗೆಯೂ ಅಧ್ಯಯನ ನಡೆದಿದೆ. ಡೆನ್ಮಾರ್ಕಿನ ಹೆಂಗಸರ 11,000ಕ್ಕೂ ಜಾಸ್ತಿ ಬಸಿರುಗಳ ದಾಖಲೆ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಹಿಂದೆ ಮಾತ್ರೆಯಿಂದ ಗರ್ಭಪಾತ ಆದವರನ್ನು ಶಸ್ತ್ರಕ್ರಿಯೆಯಿಂದ ಆದವರ ಜೊತೆ ಅದು ಹೋಲಿಸಿತು. ಟ್ಯೂಬಿನಲ್ಲಿ, ಅಂದರೆ ಅಂಡಾಣುವನ್ನು ಗರ್ಭಕೋಶಕ್ಕೆ ತರುವ ನಾಳದಲ್ಲಿ, ಗರ್ಭ ನಿಲ್ಲುವುದು, ತಾನಾಗಿ ಗರ್ಭ ಹೋಗುವುದು, ದಿನ ತುಂಬುವ ಮೊದಲೇ ಹೆರಿಗೆ, ಮಗುವಿನ ತೂಕ ಕಡಿಮೆಯಾಗುವುದು — ಇವು ಯಾವುವೂ ಮಾತ್ರೆ ತೆಗೆದುಕೊಂಡವರಲ್ಲಿ ಹೆಚ್ಚಿರಲಿಲ್ಲ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ಅದಕ್ಕೂ ಕಾರಣವಿದೆ, ತಳ್ಳಿಹಾಕಲಾರೆ. ಗರ್ಭಪಾತದ ನಂತರ ಸೋಂಕಾಗಿ, ಚಿಕಿತ್ಸೆ ಸಿಗದೆ ಟ್ಯೂಬಿಗೆ ಹಬ್ಬಿದರೆ ಟ್ಯೂಬ್ ಮುಚ್ಚಿಕೊಳ್ಳಬಹುದು. ಆಗ ಮುಂದೆ ಮಗುವಾಗುವುದು ನಿಜಕ್ಕೂ ಕಷ್ಟ. ಗರ್ಭಕೋಶವನ್ನು ಚೂಪಾದ ಉಪಕರಣದಿಂದ ಕೆರೆದಾಗ, ಅದೂ ಮತ್ತೆ ಮತ್ತೆ ಕೆರೆದಾಗ, ಒಳಗೆ ಗಾಯದ ಕಲೆ ಕಟ್ಟಿ ಗೋಡೆಗಳು ಅಂಟಿಕೊಳ್ಳಬಹುದು. ಅಸುರಕ್ಷಿತ ಗರ್ಭಪಾತಗಳ ಕಾಲದ ಆ ನೋವು ಬಾಯಿಂದ ಬಾಯಿಗೆ ಬಂದು ಈಗ ಮಾತ್ರೆಯ ತಲೆಗೆ ಕಟ್ಟಿಕೊಂಡಿದೆ. ಮಾತ್ರೆಯಲ್ಲಿ ಸಾಮಾನ್ಯವಾಗಿ ಕೆರೆಯುವ ಪ್ರಶ್ನೆ ಬರುವುದಿಲ್ಲ, ಗಂಭೀರ ಸೋಂಕು ಬಹಳ ಅಪರೂಪ.

ಈ ಉತ್ತರ ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಮಾತ್ರೆ ತೆಗೆದುಕೊಂಡ ಮೇಲೆ ಸತತ ಎರಡು ಗಂಟೆ, ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮರುದಿನವೂ ಜ್ವರ ಬಿಡದಿದ್ದರೆ, ವಾಸನೆಯ ಸ್ರಾವವಿದ್ದರೆ, ಹೊಟ್ಟೆನೋವು ತಡೆಯಲಾಗದಿದ್ದರೆ ಕಾಯಬೇಡಿ. ಟ್ಯೂಬಿನಲ್ಲಿ ನಿಂತ ಗರ್ಭ ಈ ಮಾತ್ರೆಗೆ ಹೋಗುವುದಿಲ್ಲ, ಅದು ಜೀವಕ್ಕೇ ಅಪಾಯ. ಹಾಗಾಗಿ ಯಾರನ್ನೂ ಕೇಳದೆ ತಂದು ನುಂಗಬೇಡಿ.

ಇನ್ನು ನಿಮ್ಮ ಎಂಟು ತಿಂಗಳು. ಕಾಯುವವರಿಗೆ ಅದು ಎಷ್ಟು ಉದ್ದ ಎಂದು ಬಲ್ಲೆ. ಆದರೆ ಯಾವ ತೊಂದರೆಯೂ ಇಲ್ಲದ ಜೋಡಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. 35 ದಾಟದವರಿಗೆ ವೈದ್ಯರು ಒಂದು ವರ್ಷ ನೋಡಿ ಎನ್ನುತ್ತಾರೆ, ದಾಟಿದವರಿಗೆ ಆರು ತಿಂಗಳು. ನಿಮ್ಮ ವರ್ಷ ಇನ್ನೂ ತುಂಬಿಲ್ಲ. ಆಮೇಲೂ ಆಗದಿದ್ದರೆ ಕಾರಣ ಹುಡುಕೋಣ, ಆದರೆ ನಿಮ್ಮೊಬ್ಬರಲ್ಲೇ ಅಲ್ಲ. ಮಗುವಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಒಮ್ಮೆ ಗರ್ಭ ನಿಂತಿತ್ತಲ್ಲ ಎಂದು ಅವರ ಪರೀಕ್ಷೆ ಬಿಡಬೇಡಿ. ಮೂರು ವರ್ಷದಲ್ಲಿ ವೀರ್ಯದ ಗುಣ, ಥೈರಾಯ್ಡ್, ತೂಕ ಎಲ್ಲ ಬದಲಾಗಿರಬಹುದು.

ವೈದ್ಯರಿಗೆ ಖಂಡಿತ ಹೇಳಿ. ಎಷ್ಟು ವಾರವಾಗಿತ್ತು, ಆಮೇಲೆ ಕ್ಲೀನಿಂಗ್ (ಒಳಗೆ ಉಳಿದದ್ದನ್ನು ವೈದ್ಯರು ತೆಗೆಯುವುದು) ಬೇಕಾಯಿತೇ, ಜ್ವರ ಬಂದಿತ್ತೇ, ಇಷ್ಟು ಸಾಕು. ಬೇರೆಯವರ ಮುಂದೆ ಹೇಳಲು ಇಷ್ಟವಿಲ್ಲದಿದ್ದರೆ, ಒಬ್ಬರೇ ಮಾತಾಡಬೇಕೆಂದು ಕೇಳಿ. ಯಾಕೆ ಮಾಡಿಸಿಕೊಂಡಿರಿ ಎಂಬುದನ್ನು ನೀವು ಯಾರಿಗೂ ವಿವರಿಸಬೇಕಿಲ್ಲ, ನಮಗೂ ಕೂಡ.