ಹಳೇ ಟಾಟಾ ಎಸ್ಟೇಟ್ ಕಾರಿನ ಡಿಕ್ಕಿ ಬಾಗಿಲು ಒಮ್ಮೊಮ್ಮೆ ತೆರೆಯಲ್ಲ, ಒಮ್ಮೊಮ್ಮೆ ಹಂಪ್ ಮೇಲೆ ತಾನೇ ತೆರೆದುಕೊಳ್ಳುತ್ತೆ. ಲಾಕ್ ಬದಲಿಸಬೇಕಾ?

ಬದಲಿಸುವ ಮಾತು ಆಮೇಲೆ. ಎಸ್ಟೇಟ್ ತಯಾರಿಕೆ ನಿಂತು ಇಪ್ಪತ್ತು ವರ್ಷದ ಮೇಲಾಯಿತು, ಹೊಸ ಲಾಕ್ ಹುಡುಕುತ್ತಾ ಹೋದರೆ ಅಲೆದಾಟವೇ ಹೆಚ್ಚು. ಇಂಥ ದೂರುಗಳಲ್ಲಿ ನಿಜಕ್ಕೂ ಲಾಕೇ ಮುರಿದಿರುವುದು ಕಡಿಮೆ. ಒಳಗಿನ ಗ್ರೀಸ್ ಒಣಗಿ ಅಂಟಾಗಿರುತ್ತೆ, ಇಲ್ಲವೇ ಹ್ಯಾಂಡಲನ್ನು ಲಾಕಿಗೆ ಜೋಡಿಸುವ ರಾಡಿನ ಕ್ಲಿಪ್ ಹೋಗಿರುತ್ತೆ, ಇಲ್ಲವೇ ಬಾಗಿಲೇ ಜರುಗಿ, ಲಾಕಿನ ಕೊಕ್ಕೆ ಹಿಡಿದುಕೊಳ್ಳುವ ಕೊಂಡಿಗೆ, ಅಂದರೆ ಸ್ಟ್ರೈಕರ್‌ಗೆ, ನೇರ ಬೀಳುತ್ತಿರುವುದಿಲ್ಲ. ಮೂರರಲ್ಲಿ ಯಾವುದು ಅನ್ನುವುದನ್ನು ಒಂದು ಸ್ಕ್ರೂಡ್ರೈವರ್‌ನಲ್ಲೇ ಪತ್ತೆ ಮಾಡಬಹುದು.

ಬಾಗಿಲು ಮೇಲೆತ್ತಿ, ಗಟ್ಟಿ ಕೋಲೊಂದನ್ನು ಆನಿಸಿ ನಿಲ್ಲಿಸಿ. ಬಾಗಿಲನ್ನು ಎತ್ತಿ ಹಿಡಿಯುವ ಹಳೇ ಡಿಕ್ಕಿ ಶಾಕರ್‌ಗಳನ್ನು ನಂಬಿ ಕೆಳಗೆ ತಲೆ ಕೊಡಬೇಡಿ. ಲಾಕಿನ ಬಾಯಲ್ಲಿರುವ ಕೊಕ್ಕೆಯನ್ನು ಸ್ಕ್ರೂಡ್ರೈವರ್ ತುದಿಯಿಂದ, ಸ್ಟ್ರೈಕರ್ ಒಳಗೆ ಬರುವ ದಿಕ್ಕಿನಲ್ಲೇ, ನಿಧಾನವಾಗಿ ತಳ್ಳಿ. ಎರಡು ಸಲ 'ಟಿಕ್' ಅನ್ನಬೇಕು: ಮೊದಲನೆಯದು ಅರ್ಧ ಲಾಕ್, ಎರಡನೆಯದು ಪೂರ್ತಿ. ಈಗ ಹ್ಯಾಂಡಲ್ ಎಳೆದರೆ ಕೊಕ್ಕೆ ಚಟ್ಟನೆ ಹಿಂದಕ್ಕೆ ಹಾರಬೇಕು. ಪರೀಕ್ಷೆ ಮುಗಿದ ಮೇಲೆ ಕೊಕ್ಕೆ ಬಿಟ್ಟುಕೊಂಡಿದೆಯಾ ನೋಡಿಯೇ ಬಾಗಿಲು ಹಾಕಿ. ಮುಚ್ಚಿದ ಕೊಕ್ಕೆ ಸ್ಟ್ರೈಕರ್‌ಗೆ ಬಡಿದರೆ ಇಲ್ಲದ ರಿಪೇರಿ ಹುಟ್ಟುತ್ತೆ.

ಎರಡನೇ ಟಿಕ್ ಬರದಿದ್ದರೆ, ಅಥವಾ ಕೊಕ್ಕೆ ಸೋಮಾರಿಯಂತೆ ವಾಪಸಾದರೆ, ತೊಂದರೆ ಹೆಚ್ಚಾಗಿ ಲಾಕಿನೊಳಗೆ. ಟಿಕ್ ಎರಡೂ ಬಂದು ಹ್ಯಾಂಡಲ್‌ಗೆ ಮಾತ್ರ ಬಿಡದಿದ್ದರೆ ರಾಡು ಅಥವಾ ಕ್ಲಿಪ್. ತೆರೆದಾಗ ಎಲ್ಲ ಸರಿ, ಮುಚ್ಚಿದಾಗ ಮಾತ್ರ ತಕರಾರು ಅಂದರೆ ಲಾಕನ್ನು ಮುಟ್ಟುವ ಮುಂಚೆ ಸ್ಟ್ರೈಕರ್ ಮತ್ತು ಹಿಂಜ್ ಕಡೆ ನೋಡಿ.

ಬಾಗಿಲು ಮುಚ್ಚಿಯೇ ಸಿಕ್ಕಿಕೊಂಡಿದ್ದರೆ ಒಬ್ಬರು ಹೊರಗಿನಿಂದ ಲಾಕ್ ಇರುವ ಜಾಗವನ್ನು ಅಂಗೈಯಿಂದ ಬಲವಾಗಿ ಒಳಕ್ಕೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಹ್ಯಾಂಡಲ್ ಎಳೆಯಲಿ. ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿ (ಬೀಡಿಂಗ್) ಬಾಗಿಲನ್ನು ಹೊರಕ್ಕೆ ನೂಕುತ್ತಾ ಇರುತ್ತೆ, ಆ ಭಾರವೆಲ್ಲ ಕೊಕ್ಕೆಯನ್ನು ತಡೆದು ಹಿಡಿದಿರುವ ಪುಟ್ಟ ಲಿವರ್ ಮೇಲೆ ಬಿದ್ದಿರುತ್ತೆ. ಭಾರ ಇಳಿದರೆ ಎಷ್ಟೋ ಸಲ ಅಲ್ಲೇ ಬಿಟ್ಟುಕೊಳ್ಳುತ್ತೆ. ಆಗದಿದ್ದರೆ ಹಿಂದಿನ ಸೀಟು ಮಡಚಿ, ಒಳಗಿನಿಂದ ಪ್ಯಾನೆಲ್ ತೆಗೆದು, ರಾಡನ್ನು ನೇರವಾಗಿ ಎಳೆಯಬೇಕು.

ಪ್ಯಾನೆಲ್‌ನಲ್ಲಿ ಮೊದಲು ಸ್ಕ್ರೂಗಳೆಲ್ಲ ಬಿಚ್ಚಿ, ಆಮೇಲೆ ಚಪ್ಪಟೆ ಉಪಕರಣಕ್ಕೆ ಬಟ್ಟೆ ಸುತ್ತಿ ಒಂದೊಂದೇ ಕ್ಲಿಪ್ಪಿನ ಪಕ್ಕದಲ್ಲೇ ಮೀಟಿ. ಇಷ್ಟು ಹಳೇ ಪ್ಲಾಸ್ಟಿಕ್ ಕ್ಲಿಪ್ ಕೆಲವು ಮುರಿದೇ ಮುರಿಯುತ್ತೆ. ತೂತಿನ ಅಳತೆ ತೆಗೆದುಕೊಂಡು ಹೋದರೆ ಯಾವ ಸ್ಪೇರ್ ಅಂಗಡಿಯಲ್ಲೂ ಹೊಂದುವ ಕ್ಲಿಪ್ ಸಿಗುತ್ತೆ. ಒಳಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇದ್ದರೆ ಹರಿಯದೆ ಸುಲಿದು, ಕೊನೆಗೆ ಬ್ಯುಟೈಲ್ ಟೇಪ್ (ಅಂಟಂಟಾದ ರಬ್ಬರ್ ಟೇಪ್) ಹಾಕಿ ವಾಪಸ್ ಅಂಟಿಸಿ. ಈ ಮಾದರಿ ಗಾಡಿ ಓಡುವಾಗ ಹಿಂಬದಿಯಲ್ಲಿ ಗಾಳಿಯ ಒತ್ತಡ ಕುಸಿದು, ಸಂದಿ ಸಿಕ್ಕಲ್ಲಿ ಧೂಳು ಮತ್ತು ಡೀಸೆಲ್ ಹೊಗೆ ಒಳಗೆ ಸೇರುತ್ತೆ. ಅರ್ಧ ಲಾಕಿನಲ್ಲಿ ಹಗ್ಗ ಕಟ್ಟಿಕೊಂಡು ದೂರ ಓಡಿಸಬೇಡಿ ಅನ್ನುವುದಕ್ಕೂ ಇದೇ ಕಾರಣ.

ಲಾಕ್ ಬಿಚ್ಚುವ ಮುಂಚೆ ಅದರ ಅಂಚಿನ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ನಕ್ಷತ್ರ ತಲೆಯ ಸ್ಕ್ರೂ ಜಗ್ಗದಿದ್ದರೆ ಸಾದಾ ಸ್ಕ್ರೂಡ್ರೈವರ್‌ನಲ್ಲಿ ಗುದ್ದಾಡಿ ತಲೆ ಸವೆಸಬೇಡಿ, ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ತನ್ನಿ. ಬಿಚ್ಚಿದ ಲಾಕನ್ನು ಡೀಸೆಲ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಗಾಳಿ ಹೊಡೆಸಿ ಒಣಗಿಸಿ. ಕಪ್ಪು ಮೇಣದಂಥದ್ದು ಹೊರಬರುತ್ತಲ್ಲ, ನಿಮ್ಮ ಅರ್ಧ ತೊಂದರೆ ಅದೇ. ಡಬ್ಲ್ಯುಡಿ-40 ಸ್ಪ್ರೇ ಒಂದನ್ನೇ ಚಿಮುಕಿಸಿ ಮುಗಿಸುವವರು ಬಹಳ. ಅದು ಇರುವ ಗ್ರೀಸನ್ನೂ ತೊಳೆದು ತಾನೂ ಆರಿಹೋಗುತ್ತೆ, ಕೆಲವೇ ವಾರಕ್ಕೆ ಮತ್ತೆ ಅದೇ ಪಾಡು. ಒಣಗಿದ ಮೇಲೆ ಕೊಕ್ಕೆಯ ತಿರುಗಣಿ, ಲಿವರ್‌ನ ತಿರುಗಣಿ, ಎರಡೂ ಒರೆಸಿಕೊಳ್ಳುವ ಅಂಚು, ಇಷ್ಟಕ್ಕೆ ಬಿಳಿ ಲಿಥಿಯಂ ಗ್ರೀಸ್, ಒಟ್ಟು ಕಡಲೆಕಾಳಿನಷ್ಟು ಸಾಕು. ಕೀ ಹಾಕುವ ತೂತಿಗೆ ಗ್ರೀಸ್ ಬೇಡ, ಗ್ರಾಫೈಟ್ ಪುಡಿ ಹಾಕಿ.

ತೊಳೆದ ಮೇಲೂ ಕೊಕ್ಕೆ ಹಾರದಿದ್ದರೆ ಸ್ಪ್ರಿಂಗ್ ಸೋತಿದೆ. ಇನ್ನು ಹಂಪ್ ಮೇಲೆ ಬಿಟ್ಟುಕೊಳ್ಳುವ ಲಾಕಿನಲ್ಲಿ, ಲಿವರ್ ಕೊಕ್ಕೆಯನ್ನು ಹಿಡಿಯುವ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಚೂಪಾಗಿರಬೇಕಾದ ಮೂಲೆ ಗುಂಡಗಾಗಿ ಹೊಳೆಯುತ್ತಿದ್ದರೆ ಆ ಲಾಕಿನ ಆಯುಷ್ಯ ಮುಗಿಯಿತು. ವೆಲ್ಡಿಂಗ್‌ನಲ್ಲಿ ತುಂಬಿಸಿ ಅರ ಹಾಕಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಕಾಯಿಸಿದ ಉಕ್ಕು ಹದ ಕಳೆದುಕೊಂಡು ಬೇಗ ಸವೆಯುತ್ತೆ.

ರಾಡಿನ ವಿಷಯ ಸಣ್ಣದು. ಹ್ಯಾಂಡಲ್ ಬಿಟ್ಟಾಗ ರಾಡಿನಲ್ಲಿ 1–2 ಮಿ.ಮೀ. ಸಡಿಲ ಇರಬೇಕು. ಬಿಗಿಯಾಗಿದ್ದರೆ ಲಿವರ್ ಸದಾ ಸ್ವಲ್ಪ ಎತ್ತಿಕೊಂಡೇ ಇದ್ದು ಲಾಕ್ ಪೂರ್ತಿ ಹಿಡಿಯಲ್ಲ, ಸಡಿಲ ಹೆಚ್ಚಾದರೆ ಹ್ಯಾಂಡಲ್ ಪೂರ್ತಿ ಎಳೆದರೂ ಬಿಡಲ್ಲ. ಹೀಗಾಗಿ ನಿಮ್ಮ ಎರಡು ದೂರಿಗೂ ಮೂಲ ಒಂದೇ ಕ್ಲಿಪ್ ಆಗಿರಬಹುದು. ರಾಡಿನ ದಪ್ಪ ಅಳೆದು ಅದೇ ಅಳತೆಯ ಕ್ಲಿಪ್ ಹಾಕಿ, ಬೈಂಡಿಂಗ್ ವೈರ್ ಕಟ್ಟಬೇಡಿ.

ಸ್ಟ್ರೈಕರ್ ಹೊಂದಿಸುವ ಮುಂಚೆ ಬಾಗಿಲನ್ನು ಅರ್ಧ ಎತ್ತಿ ಪಕ್ಕಕ್ಕೆ ಅಲ್ಲಾಡಿಸಿ. ಹಿಂಜ್‌ನಲ್ಲಿ ಆಟ ಕಂಡರೆ ಮೊದಲು ಅದನ್ನು ಸರಿ ಮಾಡಿಸಿ. ಒಂದೇ ಶಾಕರ್ ಸೋತಿದ್ದರೂ ಬಾಗಿಲು ಸೊಟ್ಟಗೆ ಇಳಿಯುತ್ತೆ, ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಿ. ಆಮೇಲೆ ಸ್ಟ್ರೈಕರ್ ಬೋಲ್ಟುಗಳನ್ನು, ಮೆಲ್ಲಗೆ ತಟ್ಟಿದರೆ ಜರುಗುವಷ್ಟು ಮಾತ್ರ ಸಡಿಲಿಸಿ, ಬಾಗಿಲನ್ನು ಬಡಿಯದೆ ಒತ್ತಿ ಮುಚ್ಚಿ. ಕೊಕ್ಕೆ ತಾನೇ ಸ್ಟ್ರೈಕರನ್ನು ನಡುವಿಗೆ ಎಳೆದುಕೊಳ್ಳುತ್ತೆ. ಹುಷಾರಾಗಿ ತೆರೆದು ಬಿಗಿ ಮಾಡಿ. ಬೀಡಿಂಗ್ ಸುತ್ತ ಅಲ್ಲಲ್ಲಿ ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದು ನೋಡಿ, ಎಲ್ಲ ಕಡೆ ಒಂದೇ ಥರ ಹಿಡಿಯಬೇಕು. ಹೊಸ ಬೀಡಿಂಗ್ ಹಾಕಿಸಿದ ಮೇಲೆ ಈ ತೊಂದರೆ ಶುರುವಾಗಿದ್ದರೆ ಅಪರಾಧಿ ಆ ರಬ್ಬರೇ. ದಪ್ಪ ಹೆಚ್ಚಿನ ರಬ್ಬರ್ ಬಾಗಿಲನ್ನು ಎರಡನೇ ಟಿಕ್‌ವರೆಗೆ ಬರಲು ಬಿಡಲ್ಲ.

ಇಷ್ಟೆಲ್ಲ ಆಗಿ ಲಾಕೇ ಬೇಕು ಅಂತಾದರೆ ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯ ಹಳೇ ಸ್ಪೇರ್ ಅಂಗಡಿಗಳು, ಶಿವಾಜಿನಗರದ ಗುಜರಿ, ಈ ಎರಡು ಕಡೆ ನೋಡಿ. ಗಾಡಿ ಹೆಸರು ಹೇಳಿ ಕೇಳುವುದಕ್ಕಿಂತ ಹಳೇ ಲಾಕನ್ನು ಕೈಯಲ್ಲಿ ಹಿಡಿದು ಹೋಗಿ. ಬೋಲ್ಟ್ ತೂತುಗಳ ಅಂತರ, ಬಾಯಿಯ ಅಗಲ, ರಾಡ್ ಸೇರುವ ಲಿವರ್ ಯಾವ ದಿಕ್ಕಿಗೆ ತಿರುಗುತ್ತೆ, ಈ ಮೂರೂ ಹೊಂದಬೇಕು. ಕಾಸು ಕೊಡುವ ಮುಂಚೆ ಅಂಗಡಿಯಲ್ಲೇ ಸ್ಕ್ರೂಡ್ರೈವರ್ ಹಾಕಿ ಎರಡೂ ಟಿಕ್ ಕೇಳಿಸಿಕೊಳ್ಳಿ.